ಹೊಲಿಗೆಯಿಲ್ಲದ ವೇಷ

ತೊಂಡಗುಟ್ಟೆಯಲ್ಲಿ ಮುನಿರಾಮಪ್ಪನ ಮನೆಗೆ ಕಿರೀಟದ ಮನೆ ಎಂದೇ ಹೆಸರು. ಮುಳಬಾಗಿಲಿನ ಸಂತೆಯಲ್ಲಿ ಯಾರಾದರೂ ‘ಯಾವ ಮುನಿರಾಮಪ್ಪ?’ ಎಂದರೆ ‘ಕಿರೀಟದ ಮನೆಯವನು’ ಎಂದರೆ ಸಾಕು, ಆವನಿಯಿಂದ ಈಚೆಯವರಿಗೆಲ್ಲ ಗುರುತು ಹತ್ತುತ್ತಿತ್ತು. ಆ ಮನೆಗೆ ಬೇರೆ ದೊಡ್ಡಸ್ತಿಕೆ ಏನೂ ಇರಲಿಲ್ಲ. ಎಲ್ಲರಂತೆ ರಾಗಿ, ಹುರುಳಿ, ಒಂದು ಜೊತೆ ಎತ್ತು. ಇದ್ದದ್ದೆಂದರೆ ಅದೊಂದು ಕಿರೀಟ.

ಊರಿನ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿದೆ. ಯಾವ ಕಾಲದ್ದೋ ಯಾರಿಗೂ ತಿಳಿಯದು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಒಬ್ಬನೇ ಅಡ್ಡ ನಿಂತು, ದನಗಳನ್ನು ಊರಿಗೆ ತಿರುಗಿಸಿ, ತಾನು ಅಲ್ಲೇ ಬಿದ್ದವನ ಕಲ್ಲು ಅದು. ಊರವರು ಅವನನ್ನು ಈರಪ್ಪ ಎನ್ನುತ್ತಾರೆ. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವ ಮೊದಲು ಈರಪ್ಪನ ಆಟ ಆಗಲೇಬೇಕು. ಮುಖಕ್ಕೆ ಮಸಿ ಬಳಿದುಕೊಂಡ ಪಡ್ಡೆಗಳು ಕಳ್ಳರಾಗಿ ದನಗಳನ್ನು ಏರಿಯ ಕಡೆಗೆ ಅಟ್ಟುತ್ತಾರೆ. ಕಿರೀಟದ ಮನೆಯ ಹಿರಿಯ ಈರಪ್ಪನಾಗಿ ಬಂದು ಅವರನ್ನು ತಡೆದು, ಕಾದಾಡಿ, ಕೊನೆಗೆ ಕಲ್ಲಿನ ಮುಂದೆ ಬೀಳುತ್ತಾನೆ. ಆಗ ಆ ಮನೆಯ ಹೆಂಗಸು ಬಂದು ಅವನ ತಲೆಯ ಮೇಲಿನ ಕಿರೀಟವನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲಿನ ನೆತ್ತಿಗೆ ಇಡುತ್ತಾಳೆ. ಕಿರೀಟ ತೆಗೆದರೆ ಈರಪ್ಪ ಸತ್ತನೆಂದು ಅರ್ಥ. ತಮಟೆ ನಿಲ್ಲುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಕಿಚ್ಚಿಗೆ ಬೆಂಕಿ ಬೀಳುತ್ತದೆ.

ಆ ವೇಷವನ್ನು ಮಾಡಿಸಿದವನು ಮುನಿರಾಮಪ್ಪನ ತಾತ. ಬೆಂಡು ಕೆತ್ತಿ, ಕಾಗೆಬಂಗಾರ ಅಂಟಿಸಿದ ಕಿರೀಟ, ಕೆಂಪು ಮಖಮಲ್ಲಿನ ಅಂಗಿ, ಜರಿ ಅಂಚಿನ ಇಜಾರ. ಹಾಕಿಕೊಂಡು ನಿಂತರೆ ಅರಮನೆಯಿಂದ ಇಳಿದು ಬಂದ ಹಾಗೆ. ಮುನಿರಾಮಪ್ಪನಿಗೆ ಐವತ್ತು ದಾಟಿತ್ತು, ತಲೆ ಮುಕ್ಕಾಲು ಬೋಳಾಗಿತ್ತು, ನೇಗಿಲು ಹಿಡಿದು ಹಿಡಿದು ಬೆನ್ನು ಸ್ವಲ್ಪ ಮುಂದಕ್ಕೆ ಬಾಗಿತ್ತು. ಕಿರೀಟ ತಲೆಗೇರಿದ ಗಳಿಗೆಯಲ್ಲಿ ಅದೆಲ್ಲ ಮಾಯವಾಗಿಬಿಡುತ್ತಿತ್ತು. ವರ್ಷವೆಲ್ಲ ಅವನು ಬದುಕುತ್ತಿದ್ದದ್ದೇ ಆ ಒಂದು ಸಂಜೆಗೆ ಎಂದರೆ ಹೆಚ್ಚಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಆ ವರ್ಷ ಕಾರ್ತಿಕದಲ್ಲಿ ಅಟ್ಟದ ಮೇಲಿನ ಪೆಟ್ಟಿಗೆ ತೆಗೆದು ನೋಡಿದರೆ ಒಳಗೆ ಮಣ್ಣು. ಗೆದ್ದಲು ಬೆಂಡನ್ನು ಒಂದು ಚೂರೂ ಬಿಡದೆ ತಿಂದಿತ್ತು. ಮಖಮಲ್ಲು ಕೈಗೆ ಎತ್ತಿದರೆ ಬೂದಿಯಂತೆ ಉದುರಿತು. ಕಾಗೆಬಂಗಾರದ ನಾಲ್ಕು ತಗಡು ಮಾತ್ರ ತಳದಲ್ಲಿ ಮಿಣುಗುತ್ತಿದ್ದವು.

ಮುನಿರಾಮಪ್ಪ ಪೆಟ್ಟಿಗೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಹೆಂಡತಿ ಮುತ್ಯಾಲಮ್ಮ ಕೆಳಗಿನಿಂದ ಕೂಗಿದಳು, “ಏನಾಯ್ತು? ಮಾತೇ ಇಲ್ವಲ್ಲ!”

“ಮನೆ ಹೆಸರು ಹೋಯ್ತು ಕಣೇ,” ಎಂದ.

ಪಟೇಲ್ ಶ್ರೀನಿವಾಸಪ್ಪನೇ ಉಪಾಯ ಹೇಳಿದ್ದು. ಮುಳಬಾಗಿಲಿನ ಪೇಟೆಬೀದಿಯಲ್ಲಿ ಕದಿರಪ್ಪನೆಂಬ ದರ್ಜಿ ಇದ್ದಾನೆ, ಮೊದಲು ನಾಟಕದ ಕಂಪನಿಯೊಂದರ ಜೊತೆ ಊರೂರು ಸುತ್ತಿ ವೇಷ ಹೊಲಿಯುತ್ತಿದ್ದವನು, ಅವನನ್ನು ಕರೆಸು ಎಂದ. ಕದಿರಪ್ಪ ಬಂದ. ಸಣಕಲು ಮನುಷ್ಯ, ಕಿವಿಯ ಮೇಲೆ ಬಳಪದ ಚೂರು, ಹೆಗಲ ಮೇಲೆ ಅಳತೆಯ ಬಟ್ಟೆಪಟ್ಟಿ. ಓದು ಬರಹ ಅಷ್ಟಕ್ಕಷ್ಟೆ. ಅಳತೆಗಳನ್ನು ಪಟ್ಟಿಯ ಮೇಲೆ ಗಂಟು ಹಾಕಿ ನೆನಪಿಟ್ಟುಕೊಳ್ಳುತ್ತಿದ್ದ.

“ಮುನಿರಾಮಣ್ಣ, ಹಳೇ ವೇಷ ಏನು ನೋಡಿ ಮಾಡಿದ್ದು?” ಎಂದು ಕೇಳಿದ.

“ಕಲ್ಲು ನೋಡಿ. ನಮ್ಮ ತಾತ ಕಲ್ಲಿನ ಮುಂದೆ ಕೂತು ನೋಡಿ ನೋಡಿ ಮಾಡಿಸಿದ್ದು.”

“ಹಂಗಾದ್ರೆ ನಾನೂ ಕಲ್ಲು ನೋಡ್ತೀನಿ.”

ಕೆರೆ ಏರಿಗೆ ಹೋದರು. ಈ ಊರಿನ ಪದ್ಧತಿ ಏನೆಂದರೆ, ಈರಪ್ಪನಿಗೆ ಹರಕೆ ಹೊತ್ತವರು ಸುಣ್ಣ ಬಳಿಯಬೇಕು. ಹಬ್ಬಕ್ಕೆ ಒಂದು ಸಲ, ಮದುವೆಗೆ ಒಂದು ಸಲ, ಹಸು ಕರು ಹಾಕಿದರೆ ಒಂದು ಸಲ, ಮಳೆ ಹಿಂದಾದರೆ ಇನ್ನೊಂದು ಸಲ. ಎಷ್ಟು ತಲೆಮಾರಿನಿಂದ ಬಳಿಯುತ್ತ ಬಂದಿದ್ದರೋ, ಕಲ್ಲಿನ ಮೇಲಿನ ಮನುಷ್ಯ ಬೆಣ್ಣೆಯಲ್ಲಿ ಅದ್ದಿ ತೆಗೆದ ಗೊಂಬೆಯಂತೆ ಆಗಿದ್ದ. ಕಣ್ಣು ಮೀಸೆಗಳನ್ನು ಮಸಿಯಲ್ಲಿ ಬರೆದಿದ್ದರು. ತಲೆಯ ಮೇಲೆ ಮಾತ್ರ ದೊಡ್ಡದಾಗಿ ಕಿರೀಟ ಎದ್ದು ಕಾಣುತ್ತಿತ್ತು.

ಕದಿರಪ್ಪ ಕಲ್ಲಿನ ಮುಂದೆ ಕೂತ. ಎದ್ದು ಈ ಪಕ್ಕಕ್ಕೆ ಬಂದ, ಆ ಪಕ್ಕಕ್ಕೆ ಹೋದ. ಕೈಮುಗಿದು, ಈರಪ್ಪನ ಮೊಣಕಾಲನ್ನು ಬೆರಳಿನಿಂದ ಮುಟ್ಟಿ ಸವರಿದ. ಬಹಳ ಹೊತ್ತಾದ ಮೇಲೆ ಹೇಳಿದ, “ಅಣ್ಣ, ನಾನು ಈಗಲೇ ಬಟ್ಟೆಗೆ ಕತ್ತರಿ ಹಾಕೋದಿಲ್ಲ. ಇಂಥ ಕಲ್ಲುಗಳು ಆವನಿಯಲ್ಲಿವೆ, ಕೋಲಾರದಲ್ಲಿವೆ. ಎಲ್ಲಾನೂ ಒಂದು ಸಲ ನೋಡಿಬರಬೇಕು. ನೀವೂ ಬನ್ನಿ.”

“ಕಂಪನಿಯೋರಿಗೆ ಹೊಲಿದವನು ನೀನು. ನಿನಗೆ ರಾಜರ ವೇಷ ಗೊತ್ತಿಲ್ವೇನಯ್ಯಾ?”

“ಕಂಪನೀಲಿ ಬಕಾಸುರಂಗೂ ಮಖಮಲ್ಲೇ, ಧರ್ಮರಾಯಂಗೂ ಮಖಮಲ್ಲೇ. ದೀಪದ ಬೆಳಕಿಗೆ ಮಿಂಚಿದ್ರೆ ಆಯ್ತು. ಇದು ಹಂಗಲ್ಲ. ಇಲ್ಲಿ ಬದುಕಿದ್ದವನು, ಇಲ್ಲೇ ಬಿದ್ದವನು. ಅವನು ಏನು ಉಟ್ಟಿದ್ನೋ ಅದನ್ನೇ ಉಡಿಸೋಣ ಅಂತ.”

ಮುನಿರಾಮಪ್ಪನಿಗೆ ಒಳಗೊಳಗೆ ರೇಗಿತು. ಆದರೂ ಗಾಡಿ ಕಟ್ಟಿದ. ಬೇರೆ ದರ್ಜಿ ಎಲ್ಲಿದ್ದಾನೆ?

ಆವನಿಯ ಗುಡಿಯ ಅಂಗಳದಲ್ಲಿ ಆ ದಿನ ನಡೆದದ್ದನ್ನು ಮುನಿರಾಮಪ್ಪ ಸಾಯುವವರೆಗೂ ಹೇಳಿಕೊಳ್ಳುತ್ತಿದ್ದ. ಅಲ್ಲಿ ಸುತ್ತಮುತ್ತ ಹಳೆಯ ವೀರಗಲ್ಲುಗಳಿದ್ದವು, ಯಾರೂ ಸುಣ್ಣ ಬಳಿಯದವು. ಕದಿರಪ್ಪ ಒಂದೊಂದರ ಮುಂದೆಯೂ ಕೂತು ಮೊದಲು ಕಣ್ಣಿನಲ್ಲಿ ನೋಡುವನು, ಆಮೇಲೆ ಬೆರಳಿನಲ್ಲಿ ನೋಡುವನು. ಆಮೇಲೆ ಎದ್ದು ನಿಂತು, ತಾನು ಉಟ್ಟ ಪಂಚೆಯನ್ನೇ ಬಿಚ್ಚಿ, ಬರೀ ಲಂಗೋಟಿಯಲ್ಲಿ, ಆ ಕಲ್ಲಿನವನು ಉಟ್ಟ ಹಾಗೆ ಉಡಲು ನೋಡುವನು. ನೆರಿಗೆ ಕಲ್ಲಿನಲ್ಲಿದ್ದ ಹಾಗೆ ಬೀಳದಿದ್ದರೆ ಮತ್ತೆ ಬಿಚ್ಚುವನು. ಎಡಗಡೆಯಿಂದ ಸುತ್ತುವನು, ಬಲಗಡೆಯಿಂದ ಸುತ್ತುವನು. ಸೆರಗನ್ನು ಕಾಲ ನಡುವೆ ಬಿಟ್ಟು ನೋಡುವನು. ಗುಡಿಗೆ ಬಂದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತ ಹೋದರು. ಒಬ್ಬ ಮುದುಕ ಹತ್ತಿರ ಬಂದು, “ಏಮಪ್ಪಾ, ಈ ಪಿಲ್ಲಗಾಡಿಕಿ ಏಮಯ್ಯಿಂದಿ? ಏನಾಗಿದೆ ಈ ಹುಡುಗಂಗೆ, ಗಾಳಿ ಗೀಳಿ ಸೋಕಿದೆಯಾ?” ಎಂದು ಮುನಿರಾಮಪ್ಪನನ್ನು ಕೇಳಿದ.

“ಇಲ್ಲ ತಾತ, ದರ್ಜಿ,” ಎಂದ ಮುನಿರಾಮಪ್ಪ.

“ದರ್ಜಿ ಆಗಿ ಪಂಚೆ ಉಡೋಕೆ ಬರೋದಿಲ್ವಾ!”

ಕದಿರಪ್ಪ ಇದು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಪಂಚೆ ಕಲ್ಲಿನ ಹಾಗೆ ಬಿತ್ತು. ಸೊಂಟದಿಂದ ತೊಡೆಯ ನಡುವಿನವರೆಗೆ ಬಿಗಿಯಾಗಿ ಹತ್ತಿದ್ದು, ಮುಂದೆ ನೆರಿಗೆ ಬೀಸಣಿಗೆಯಂತೆ ಬಿಚ್ಚಿಕೊಂಡು, ಮೇಲೆ ಇನ್ನೊಂದು ಬಟ್ಟೆ ನಡುಪಟ್ಟಿಯಾಗಿ ಸುತ್ತಿ, ಅದರ ಎರಡು ತುದಿ ಪಕ್ಕಕ್ಕೆ ಇಳಿಬಿದ್ದು. ಅವನ ಮುಖ ನೋಡಬೇಕಿತ್ತು. ಮೊದಲ ಮಗು ಹುಟ್ಟಿದ ತಂದೆಯ ಮುಖದ ಹಾಗೆ.

“ಅಣ್ಣ, ಬನ್ನಿ ಇಲ್ಲಿ. ನಿಮಗೆ ಉಡಿಸ್ತೀನಿ.”

“ನನಗಾ? ಇಲ್ಲೇನಾ? ಎಲ್ರೂ ನೋಡ್ತಾರೆ ಕಣೋ.”

ಕದಿರಪ್ಪ ಬಿಡಲಿಲ್ಲ. ಉಡಿಸಿ, ನಡುಪಟ್ಟಿ ಬಿಗಿದು ಒಂದು ಹೆಜ್ಜೆ ಹಿಂದೆ ಸರಿದ. ಮುನಿರಾಮಪ್ಪ ನಾಚಿಕೊಂಡು ನಿಂತಿದ್ದವನು ತನ್ನ ಕೈ ತಾನಾಗಿ ಸೊಂಟಕ್ಕೆ ಹೋದದ್ದನ್ನು ಗಮನಿಸಿದ. ನಡುಪಟ್ಟಿಯ ಬಿಗಿಗೆ ಬೆನ್ನು ನೆಟ್ಟಗಾಗಿತ್ತು. ಕಾಲಿಗೆ ಬಟ್ಟೆ ತೊಡರುತ್ತಿರಲಿಲ್ಲ. ಓಡಬಹುದು, ಬಂಡೆ ಹತ್ತಬಹುದು, ದನದ ಹಿಂದೆ ಹೋಗಬಹುದು. ಮಖಮಲ್ಲಿನ ಇಜಾರದಲ್ಲಿ ಅವನು ಯಾವತ್ತೂ ಓಡಿರಲಿಲ್ಲ. ಬಿರಿದೀತೆಂದು ಹೆದರಿ ನಡೆಯುತ್ತಿದ್ದ.

“ಚೆನ್ನಾಗದೆ,” ಎಂದ ನಿಧಾನವಾಗಿ. ಆಮೇಲೆ ನೆನಪಾಗಿ, “ಕಿರೀಟ?” ಎಂದು ಕೇಳಿದ.

ಕದಿರಪ್ಪ ಕಲ್ಲುಗಳ ಕಡೆ ನೋಡಿದ. ಅಲ್ಲಿದ್ದ ಕಾದಾಳುಗಳಲ್ಲಿ ಒಬ್ಬನ ತಲೆಯ ಮೇಲೂ ಕಿರೀಟವಿರಲಿಲ್ಲ. ಕೂದಲನ್ನು ಎಳೆದು ಒಂದು ಪಕ್ಕಕ್ಕೆ ತುರುಬು ಕಟ್ಟಿದ್ದರು. ಕದಿರಪ್ಪ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. “ಕೋಲಾರಕ್ಕೂ ಹೋಗಿಬರೋಣ,” ಎಂದ ಅಷ್ಟೆ.

ಕೋಲಾರಕ್ಕೆ ಇದ್ದಿಲು ಬಸ್ಸಿನಲ್ಲಿ ಹೋದರು. ಪೆಟ್ರೋಲು ಯುದ್ಧಕ್ಕೆ ಹೋಗಿ, ಬಸ್ಸುಗಳೆಲ್ಲ ಹಿಂದೆ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದ ದಿನಗಳು. ಏರು ಬಂದರೆ ಜನ ಇಳಿದು ತಳ್ಳಬೇಕು. ಸೋಮೇಶ್ವರನ ಗುಡಿ ಮುಟ್ಟುವ ಹೊತ್ತಿಗೆ ಇಬ್ಬರ ಮುಖವೂ ಸಂಕ್ರಾಂತಿಯ ಕಳ್ಳರ ಹಾಗೆ ಕಪ್ಪಾಗಿತ್ತು.

ಗುಡಿಯ ಮಂಟಪದ ಕಂಬಗಳಲ್ಲಿ ಬೇರೆಯೇ ಲೋಕ. ಒಂದು ಕಂಬದ ಬುಡದಲ್ಲಿ ಎತ್ತರದ ಟೋಪಿ ಇಟ್ಟುಕೊಂಡು, ಮೊಣಕಾಲಿನ ಕೆಳಗಿನವರೆಗೆ ನಿಲುವಂಗಿ ತೊಟ್ಟವನೊಬ್ಬ ಕೈಮುಗಿದು ನಿಂತಿದ್ದ. ಅಂಗಿಗೆ ತೋಳಿತ್ತು. ಎದೆಯ ಮೇಲೆ ಒಂದರ ಮೇಲೊಂದು ಬರುವ ಮಡಿಕೆ ಇತ್ತು. ಕದಿರಪ್ಪ ಕಂಬಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದ.

“ಅಣ್ಣ! ಹೊಲಿಗೆ! ನೋಡಿ, ಕಂಕುಳ ಹತ್ರ ಪಟ್ಟಿ ಕೂಡಿಸಿದಾನೆ. ಎಂಥಾ ಕೈಯಣ್ಣ ಅವನದು! ಕಲ್ಲು ಕೆತ್ತಿದೋನೂ ದರ್ಜಿ ಅಂಗಡೀಲಿ ಕೂತು ನೋಡಿರಬೇಕು!”

ಮುನಿರಾಮಪ್ಪನ ಕಣ್ಣು ಇದ್ದದ್ದು ಟೋಪಿಯ ಮೇಲೆ. ಎತ್ತರಕ್ಕೆ, ನೆಟ್ಟಗೆ, ತುದಿಯಲ್ಲಿ ಸ್ವಲ್ಪ ಉರುಟಾಗಿ. ಅದಕ್ಕೆ ಕಾಗೆಬಂಗಾರ ಅಂಟಿಸಿದರೆ ಕಿರೀಟವಲ್ಲದೆ ಇನ್ನೇನು? ಎದೆಯ ಮೇಲಿನ ಬಂಡೆ ಸರಿದಂತಾಯಿತು. “ಇದೇ ಕಣೋ ಕದಿರಪ್ಪ! ಇದೇ ನಮ್ಮ ಈರಪ್ಪ! ನಡಿ, ಇದನ್ನೇ ಹೊಲಿ.”

ಆ ಸಂಜೆ ಛತ್ರದಲ್ಲಿ ಮುನಿರಾಮಪ್ಪ ಎರಡು ಮುದ್ದೆ ಉಂಡ. ಕದಿರಪ್ಪ ಉಣ್ಣುತ್ತ ಉಣ್ಣುತ್ತ ಕೈ ನಿಲ್ಲಿಸಿ ಎಲ್ಲೋ ನೋಡುತ್ತಿದ್ದ.

ಬೆಳಿಗ್ಗೆ ಎದ್ದವನೇ ಹೇಳಿದ, “ಅಣ್ಣ, ಆಗೋದಿಲ್ಲ.”

“ಏನಾಗೋದಿಲ್ಲ?”

“ಆ ನಿಲುವಂಗಿ ನಿಮ್ಮ ಈರಪ್ಪಂದಲ್ಲ. ಅವನು ಬೇರೆ ಕಾಲದೋನು, ದೊಡ್ಡ ದೊರೆಗಳ ಕಡೆಯೋನು. ನಿಮ್ಮ ಕಲ್ಲು ಆವನಿ ಕಲ್ಲಿನ ಜಾತೀದು. ಈರಪ್ಪನ ಮೊಣಕಾಲು ಮುಟ್ಟಿ ನೋಡಿದೀನಿ, ಸುಣ್ಣ ಅಲ್ಲಿ ತೆಳ್ಳಗಿದೆ. ಬರೀ ಕಾಲು. ಅಂಗಿ ಇಳಿದುಬಂದಿಲ್ಲ.”

“ಕಾಲು ಬರೀದಾಗಿರಲಿ. ತಲೆ?”

ಕದಿರಪ್ಪ ನೆಲ ನೋಡುತ್ತ ಅಂದ, “ಸುಣ್ಣದ ಕೆಳಗಿರೋದು ಒಂದು ಪಕ್ಕಕ್ಕೆ ವಾಲಿದೆ ಅಣ್ಣ. ಕಿರೀಟ ನೆಟ್ಟಗೆ ಕೂರ್ತದೆ. ತುರುಬು ವಾಲ್ತದೆ.”

“ಅಂದ್ರೆ ನಮ್ಮ ತಾತ ಸುಳ್ಳು ಮಾಡಿದ ಅಂತೀಯಾ?”

“ಇಲ್ಲ ಅಣ್ಣ. ಅವರು ಕಂಡದ್ದನ್ನೇ ಮಾಡಿದ್ರು. ಅವರಿಗೆ ಕಂಡದ್ದು ಸುಣ್ಣ.”

“ನಿನಗೆ ಹೊಲಿಯೋಕೆ ಆಗದೆ ಕತೆ ಕಟ್ತಿದೀಯ!”

ಕದಿರಪ್ಪ ತಲೆಯೆತ್ತಿದ. ಅವನ ಕಣ್ಣಲ್ಲಿ ನೀರಾಡುತ್ತಿತ್ತು. “ಹೊಲಿಯೋಕೆ ನನಗೆ ಆಸೆ ಇಲ್ವಾ? ಆ ನಿಲುವಂಗಿ ನೋಡಿ ನನ್ನ ಕೈ ಹೆಂಗೆ ತುರಿಸ್ತಿತ್ತು ಗೊತ್ತಾ? ಆವನಿ ಕಲ್ಲುಗಳನ್ನ ಹುಡುಕಿ ಹುಡುಕಿ ನೋಡ್ದೆ ಅಣ್ಣ, ಎಲ್ಲಾದ್ರೂ ಒಂದು ಹೊಲಿಗೆ ಸಿಕ್ಕೀತಾ ಅಂತ. ಒಂದೂ ಇಲ್ಲ. ಎಲ್ಲಾ ಸುತ್ತಿದ್ದು, ಕಟ್ಟಿದ್ದು. ಈರಪ್ಪನ ವೇಷದಾಗೆ ದರ್ಜಿಗೆ ಕೆಲಸಾನೇ ಇಲ್ಲ. ನನಗೇ ಕೆಲಸ ಇಲ್ಲ ಅಂತ ನಾನೇ ಹೇಳ್ತಿದೀನಲ್ಲ, ಅದಕ್ಕಾದ್ರೂ ನಂಬಿ.”

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಕೂತರು. ಏರಿನಲ್ಲಿ ಇಳಿದು ತಳ್ಳುವಾಗಲೂ ಮುನಿರಾಮಪ್ಪ ಆ ಮೂಲೆ, ಕದಿರಪ್ಪ ಈ ಮೂಲೆ.

ಮನೆಗೆ ಬಂದ ಮುನಿರಾಮಪ್ಪ ಮುತ್ಯಾಲಮ್ಮನಿಗೆ ಎಲ್ಲವನ್ನೂ ಹೇಳಿ, ಕೊನೆಗೆ, “ಮಾಲೂರಿನ ಕಡೆ ಬೆಂಡಿನ ಕೆಲಸದೋರು ಇದಾರಂತೆ. ಅವರ ಹತ್ರ ಮೊದಲಿನ ಹಾಗೇ ಒಂದು ಮಾಡಿಸ್ತೀನಿ,” ಎಂದ.

“ಮಾಡಿಸಿ,” ಎಂದಳು ಅವಳು. ರಾಗಿ ಬೀಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

ಆದರೆ ಅವನಿಗೆ ನೆಮ್ಮದಿ ಇರಲಿಲ್ಲ. ಮಾರನೆಯ ಬೆಳಿಗ್ಗೆ ಒಬ್ಬನೇ ಏರಿಗೆ ಹೋದ. ಹುಟ್ಟಿದಾಗಿನಿಂದ ಕೈಮುಗಿದ ಕಲ್ಲು. ಎಂದೂ ಅದರ ತಲೆ ಮುಟ್ಟಿರಲಿಲ್ಲ. ಮುಟ್ಟಿದ. ಕಿರೀಟದ ಬಲಗಡೆ ಸುಣ್ಣ ದಪ್ಪ, ಎಡಗಡೆ ತೆಳು. ಒಳಗೆ ಏನೋ ಎಡಕ್ಕೆ ಸರಿದು ಕೂತಿತ್ತು. ನೇಗಿಲ ಮೇಣಿ ಹಿಡಿದ ಕೈಗೆ ವಾಲಿದ್ದು ಯಾವುದು, ನೆಟ್ಟಗಿನದು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನಿಗೆ ಆ ದರ್ಜಿ ಲಂಗೋಟಿಯಲ್ಲಿ ನಿಂತು ಪಂಚೆ ಬಿಚ್ಚಿ ಉಟ್ಟು, ಬಿಚ್ಚಿ ಉಟ್ಟು ಮಾಡಿದ್ದು ಕಣ್ಣಿಗೆ ಕಟ್ಟಿತು. ಇಷ್ಟು ಜನ ಇಷ್ಟು ಕಾಲ ಈರಪ್ಪನಿಗೆ ಪೂಜೆ ಮಾಡಿದರು. ನೀನು ಏನು ಉಟ್ಟಿದ್ದೆಯಪ್ಪಾ ಎಂದು ಕೇಳಿದವನು ಇವನೊಬ್ಬನೇ.

ತಿರುಗಿ ಬಂದವನು ಮುತ್ಯಾಲಮ್ಮನಿಗೆ ಹೇಳಿದ, “ಸುಣ್ಣ ತೆಗೆದು ನೋಡಬೇಕು. ಆದ್ರೆ ಈರಪ್ಪಂಗೆ ಕಬ್ಬಿಣ ಸೋಕಿಸೋ ಹಾಗಿಲ್ವಲ್ಲ.”

“ಕಬ್ಬಿಣ ಸೋಕಿಸಬಾರದು ಅಂತ ತಾನೆ ಹಿರೀಕರು ಅಂದಿದ್ದು? ಹುಣಸೇಹಣ್ಣು ಸೋಕಿಸಬಾರದು ಅಂದಿಲ್ವಲ್ಲ. ದೀಪದ ಕಂಬ ಬೆಳಗಲ್ವಾ ನಾವು? ಅಭಿಷೇಕ ಅಂದ್ಕೊಂಡು ಹುಳಿಮಜ್ಜಿಗೆ, ಹುಣಸೇರಸ ಹುಯ್ತಾ ಬಂದ್ರೆ ಸುಣ್ಣ ತಾನೇ ಬಿಡ್ತದೆ.”

ಪಟೇಲ್ ಶ್ರೀನಿವಾಸಪ್ಪನ ಅಪ್ಪಣೆ ಬೇಕಿತ್ತು. ಅವನು ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿ, ಎಲೆಅಡಿಕೆ ಉಗಿದು ಬಂದ.

“ಲೇ ಮುನಿರಾಮ, ನಿಮ್ಮ ಮನೆ ದೇವರು, ನಿಮ್ಮ ಮನೆ ಕಿರೀಟ. ತೆಗೀತೀನಿ ಅಂದ್ರೆ ತೆಗಿ. ಆಮೇಲೆ ಹೆಸರು ಹೋಯ್ತು ಅಂತ ನನ್ನ ಬಾಗಿಲಿಗೆ ಬಂದು ಅಳಬೇಡ.”

“ಬರೋದಿಲ್ಲ ಪಟೇಲ್ರೆ.”

“ಇನ್ನೊಂದು ಮಾತು. ಕಿರೀಟ ಎತ್ತಿದ್ರೆ ತಾನೆ ಈರಪ್ಪ ಸತ್ತ ಅಂತ ಜನಕ್ಕೆ ತಿಳಿಯೋದು, ಕಿಚ್ಚಿಗೆ ಬೆಂಕಿ ಇಡೋದು? ಕಿರೀಟಾನೇ ಇಲ್ದಿದ್ರೆ ನಿನ್ನ ಹೆಂಡ್ತಿ ಏನು ತೆಗೀತಾಳೆ? ಉಟ್ಟಿದ್ದನ್ನಾ?”

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಮುನಿರಾಮಪ್ಪನೂ ನಕ್ಕ. ದಾರಿಯುದ್ದಕ್ಕೂ ಆ ಪ್ರಶ್ನೆಯನ್ನೇ ತಿರುವಿ ಹಾಕುತ್ತ ಮನೆಗೆ ಬಂದ.

ಕದಿರಪ್ಪನಿಗೆ ಹೇಳಿಕಳಿಸಿದ. ಅವನು ಅಂಗಡಿ ಮುಚ್ಚಿ ಓಡಿಬಂದ. ಕಲ್ಲಿಗೆ ಒದ್ದೆ ಗೋಣಿ ಹೊದಿಸಿ, ಹುಣಸೇರಸ, ಹುಳಿಮಜ್ಜಿಗೆ ಹಾಕುತ್ತ ಬಂದರು. ಸುಣ್ಣ ನೊರೆನೊರೆಯಾಗಿ ಕರಗಿತು. ಕೆಲವು ಕಡೆ ಹಲಸಿನ ತೊಳೆಯ ಹಾಗೆ ಪದರ ಪದರವಾಗಿ ಎದ್ದಿತು. ಏಳದ ಕಡೆ ಕದಿರಪ್ಪ ಬಿದಿರಿನ ಕಡ್ಡಿ ಹಿಡಿದು, ಹಳೆಯ ಹೊಲಿಗೆ ಬಿಚ್ಚುವ ನಿಧಾನದಲ್ಲಿ ಒಂದೊಂದೇ ಚೂರನ್ನು ಬಿಡಿಸಿದ. ಅವಸರವಿಲ್ಲ, ಬೇಸರವಿಲ್ಲ. ಮುನಿರಾಮಪ್ಪ ನೀರು ತಂದು ಹಾಕುವ ಕೆಲಸ ಬಿಟ್ಟು ಆ ಬೆರಳುಗಳನ್ನೇ ನೋಡುತ್ತ ನಿಂತುಬಿಡುತ್ತಿದ್ದ.

ಕಾಲಿನಿಂದ ತೆಗೆಯುತ್ತ ಬಂದರು. ಬೀಸಣಿಗೆಯ ನೆರಿಗೆ ಬಂತು, ಕದಿರಪ್ಪ ಆವನಿಯಲ್ಲಿ ಉಡಿಸಿದ್ದಂಥದ್ದೇ. ನಡುಪಟ್ಟಿ, ಅದರಲ್ಲಿ ಸಿಕ್ಕಿಸಿದ ಸಣ್ಣ ಬಾಕು. ತೋಳಿಗೆ ಒಂದು ಬಳೆ. ಎದೆಯಲ್ಲಿ ನೆಟ್ಟ ಬಾಣಗಳು. ಕೊನೆಗೆ ತಲೆ. ಅಲ್ಲಿಗೆ ಬಂದಾಗ ಕದಿರಪ್ಪ ಕಡ್ಡಿಯನ್ನು ಮುನಿರಾಮಪ್ಪನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದ. “ಇದು ನಿಮ್ಮದು ಅಣ್ಣ.”

ತಾತ ಕಂಡಿದ್ದ ಆ ಸುಣ್ಣದ ಕಿರೀಟವನ್ನು ಮುನಿರಾಮಪ್ಪ ತನ್ನ ಕೈಯಾರೆ ಬಿಡಿಸಿದ. ಅಂಗೈ ದಪ್ಪದ ಸುಣ್ಣದ ಹೆಂಟೆ ಒಂದೇ ಸಲ ಕಳಚಿ ಕೈಗೆ ಬಂತು. ಕೆಳಗೆ ತುರುಬು. ಎಡಕ್ಕೆ ವಾಲಿದ, ಬಾಚಣಿಗೆಯ ಗೆರೆಗಳೂ ಕಾಣುವಂಥ ತುರುಬು. ಕಲ್ಲಿನ ಮೇಲಿನ ಪಟ್ಟಿಯಲ್ಲಿ ದೇವಲೋಕದ ಹೆಂಗಸರು ಅವನನ್ನು ಕರೆದೊಯ್ಯುತ್ತಿದ್ದರು. ಅಲ್ಲೂ ಅದೇ ತುರುಬು. ಸ್ವರ್ಗಕ್ಕೆ ಹೋದ ಮೇಲೂ ಯಾರೂ ಅವನಿಗೆ ಕಿರೀಟ ಇಟ್ಟಿರಲಿಲ್ಲ.

ಮುತ್ಯಾಲಮ್ಮ ಕೆಳಗೆ ಕೂತು ಪಾದದ ಹತ್ತಿರ ತಿಕ್ಕುತ್ತಿದ್ದವಳು, “ಇಲ್ನೋಡಿ,” ಎಂದಳು. ಈರಪ್ಪನ ಕಾಲುಗಳ ನಡುವೆ ಒಂದು ಬಂಡೆಗುಂಡು ಇದೆಯೆಂದು ಎಲ್ಲರೂ ತಿಳಿದಿದ್ದರು. ಅದಕ್ಕೆ ಕಿವಿ ಬಂತು. ಮುಸುಡಿ ಬಂತು. ಕಾಲು ಮಡಿಸಿ ಮಲಗಿದ ಎಳೆಗರು.

ಮುನಿರಾಮಪ್ಪ ಕೂತು ಕರುವಿನ ಕಿವಿ ಸವರಿದ.

“ದನಗಳೆಲ್ಲ ತಿರುಗಿ ಓಡಿದ್ವು. ಕರು ಓಡಲಿಲ್ಲ,” ಎಂದ. “ಅದಕ್ಕೇ ಇವನು ಕಾಲು ತೆಗೀಲಿಲ್ಲ.” ಇಷ್ಟು ವರ್ಷ ಅವನು ದೊರೆಯಂತೆ ಬಂದು ದೊರೆಯಂತೆ ಬಿದ್ದಿದ್ದ. ದೊರೆ ಬಿದ್ದರೆ ದೊರೆಯ ಕೆಲಸ ಅದು. ತಲೆಗೆ ಒಂದು ಬಟ್ಟೆಯೂ ಇಲ್ಲದವನು, ತನ್ನ ಹಾಗೆ ದನ ಮೇಯಿಸುವವನು, ಒಂದು ಕರುವಿನ ಎರಡೂ ಪಕ್ಕ ಕಾಲೂರಿ ನಿಂತು ಆ ಬಾಣಗಳನ್ನೆಲ್ಲ ಎದೆಗೆ ತೆಗೆದುಕೊಂಡಿದ್ದನಲ್ಲ, ಅಂಥವನಿಗೆ ಬೆಂಡಿನ ಕಿರೀಟ ಇಟ್ಟು ನಾವು ಅವನನ್ನು ಸಣ್ಣವನನ್ನಾಗಿ ಮಾಡಿದೆವು ಅನ್ನಿಸಿತು.

ಮನೆಗೆ ಬಂದರು. ಈಗ ಉಳಿದದ್ದು ತುರುಬು. ಮುನಿರಾಮಪ್ಪ ತನ್ನ ಬೋಳುತಲೆ ಸವರಿಕೊಂಡ. “ಇದಕ್ಕೇನು ಮಾಡ್ತೀಯ ಕದಿರಪ್ಪ? ನೆತ್ತಿ ಮೇಲೆ ಹುಲ್ಲೂ ಬೆಳೆಯಲ್ಲ.”

ಮುತ್ಯಾಲಮ್ಮ ಒಳಗೆ ಹೋಗಿ ಗೋಡೆಯ ಗೂಡಿನಿಂದ ಒಂದು ಚೌರಿ ತಂದಳು. ಹದಿನಾರು ವರ್ಷದವಳಾಗಿ ಈ ಮನೆಗೆ ಬಂದಾಗಿನಿಂದ ತಲೆ ಬಾಚುವಾಗ ಉದುರಿದ ಕೂದಲನ್ನೆಲ್ಲ ಸುತ್ತಿ ಇಟ್ಟು, ಕಟ್ಟಿಸಿಕೊಂಡದ್ದು. ಕಪ್ಪಗೆ, ಮೊಣಕಾಲುದ್ದ. ಹಬ್ಬದಲ್ಲಿ ಜಡೆಗೆ ಸೇರಿಸಿಕೊಳ್ಳುತ್ತಿದ್ದಳು.

“ಇದು ನಿನ್ನದಲ್ವೇನೇ?”

“ನನ್ನದು ನಿಮ್ಮ ತಲೆ ಮೇಲೆ ಕೂತ್ರೆ ಏನು ಹೋಯ್ತು? ಹೆಂಗೂ ಊರೋರು ಅದನ್ನೇ ಅಂತಾರಲ್ಲ.”

ಕದಿರಪ್ಪ ನಗು ತಡೆಯಲಾರದೆ ಆಚೆ ಹೋದ.

ಸಂಕ್ರಾಂತಿ ಬಂತು. ಹೊತ್ತು ಇಳಿಯುವಾಗ ಏರಿಯ ಎರಡೂ ಕಡೆ ಜನ ಸೇರಿದ್ದರು. ಕಿರೀಟ ಇರುವುದಿಲ್ಲವೆಂಬ ಸುದ್ದಿ ಆವನಿಯವರೆಗೂ ಹೋಗಿತ್ತು, ಅದನ್ನು ನೋಡುವುದಕ್ಕೆಂದೇ ಕೆಲವರು ಬಂದಿದ್ದರು. ಏರಿಯ ಪಕ್ಕದಲ್ಲಿ ಗುಟ್ಟೆ ಎನ್ನುವ ಬಂಡೆಗುಡ್ಡದ ಹಿಂದೆ ಕದಿರಪ್ಪ ವೇಷ ಕಟ್ಟಿದ. ಮುತ್ಯಾಲಮ್ಮ ಕೊಟ್ಟ ಕೋರಾ ಪಂಚೆ, ಅವಳೇ ಅರಿಸಿನ ಸುಣ್ಣದಲ್ಲಿ ಕೆಂಪು ಮಾಡಿದ ನಡುಪಟ್ಟಿ, ಮರದ ಬಾಕು, ಕಿವಿಗೆ ಹೊಂಬಾಳೆಯ ಸುರುಳಿ. ಒಂದು ಗುಂಡಿಯಿಲ್ಲ, ಒಂದು ಹೊಲಿಗೆಯಿಲ್ಲ. ಕೊನೆಗೆ ಚೌರಿಯನ್ನು ನೆತ್ತಿಗೆ ಬಿಗಿದು, ಇದ್ದಷ್ಟು ಕೂದಲನ್ನು ಅದಕ್ಕೆ ಸೇರಿಸಿ, ಎಡಕ್ಕೆ ವಾಲಿಸಿ ತುರುಬು ಸುತ್ತಿದ.

ಮುನಿರಾಮಪ್ಪ ಈಚೆಗೆ ಬಂದ ಕೂಡಲೆ ಪಕ್ಕದ ಮನೆಯ ಮುದುಕಿ ಆಂಜಿನಮ್ಮ ಎಲ್ಲರಿಗೂ ಕೇಳಿಸುವಂತೆ, “ಏನ್ಲಾ ಮುನಿರಾಮ, ಕೆರೆಗೆ ಈಜೋಕೆ ಹೊರಟಿದೀಯಾ?” ಎಂದಳು. ನಗು ಏರಿಯ ಉದ್ದಕ್ಕೂ ಹರಿದುಹೋಯಿತು. ಅವನ ಕಾಲು ಒಂದು ಗಳಿಗೆ ತಡೆಯಿತು. ಕೈ ತಲೆಗೆ ಹೋಯಿತು, ಇಲ್ಲದ ಕಿರೀಟವನ್ನು ಸರಿಮಾಡಿಕೊಳ್ಳಲು. ಅಷ್ಟರಲ್ಲಿ ಆಚೆ ಕಡೆಯಿಂದ ಕಳ್ಳರ ಕೂಗು ಎದ್ದಿತು. ದನಗಳು ಬಂದವು.

ಅವನು ಓಡಿದ.

ಮುನಿರಾಮಪ್ಪ ಓಡಿದ್ದನ್ನು ಊರು ಯಾವತ್ತೂ ನೋಡಿರಲಿಲ್ಲ. ಗುಟ್ಟೆಯಿಂದ ಬಂಡೆಯ ಮೇಲೆ ಬಂಡೆ ಹಾರಿ ಇಳಿದ. ನೆರಿಗೆ ಬೀಸಣಿಗೆಯಂತೆ ಬಿಚ್ಚಿಕೊಂಡು ಮುಚ್ಚಿಕೊಂಡಿತು. ತಮಟೆಯವನು ದಂಗಾಗಿ, ಆಮೇಲೆ ಎಚ್ಚರವಾಗಿ ಏಟು ಜೋರು ಮಾಡಿದ. ಮುನಿರಾಮಪ್ಪ ದನಗಳನ್ನು ಹೆಸರು ಹಿಡಿದು ಕೂಗಿ ತಿರುಗಿಸಿದ. ದಿನಾ ಅವನ ದನಿ ಕೇಳುವ ಊರ ದನಗಳೇ ಅಲ್ಲವೆ, ಅವು ತಿರುಗಿದವು. ಒಂದು ಎಳೆಗರುವನ್ನು ಮುತ್ಯಾಲಮ್ಮ ಮೊದಲೇ ಕಲ್ಲಿನ ಮುಂದೆ ಕಟ್ಟಿದ್ದಳು. ಕಳ್ಳರು ಅದರ ಕಡೆ ನುಗ್ಗಿದರು. ಮುನಿರಾಮಪ್ಪ ಅದರ ಎರಡೂ ಪಕ್ಕ ಕಾಲೂರಿ ನಿಂತ.

ನಗು ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ. ಜನ ಒಮ್ಮೆ ಅವನನ್ನು ನೋಡಿದರು, ಒಮ್ಮೆ ಅವನ ಹಿಂದಿನ ಕಲ್ಲನ್ನು ನೋಡಿದರು. ಅದೇ ನೆರಿಗೆ, ಅದೇ ತುರುಬು, ಕಾಲುಗಳ ನಡುವೆ ಅದೇ ಕರು. ಕಲ್ಲಿನಿಂದ ಎದ್ದುಬಂದವನ ಹಾಗೆ ಇದ್ದ.

ಪೆಟ್ಟು ತಿಂದು, ಮಂಡಿಯೂರಿ, ಕರುವಿನ ಮೇಲೆ ಭಾರ ಬೀಳದ ಹಾಗೆ ಪಕ್ಕಕ್ಕೆ ಉರುಳಿ ಬಿದ್ದ. ತಮಟೆ ಹೊಡೆತ ನಡೆದೇ ಇತ್ತು. ಪಟೇಲ ಬೆಂಕಿಯ ಕೊಳ್ಳಿ ಹಿಡಿದು ಕಾಯುತ್ತಿದ್ದ. ಏನು ತೆಗೆಯುತ್ತಾಳೆ?

ಮುತ್ಯಾಲಮ್ಮ ಬಂದು ಗಂಡನ ತಲೆಯ ಹತ್ತಿರ ಕೂತಳು. ಹೀಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಯಾರಿಗೂ ಹೇಳಿರಲಿಲ್ಲ. ಎರಡೂ ಕೈಯಿಂದ ತುರುಬನ್ನು ಬಿಚ್ಚಿದಳು. ಉದ್ದ ಕೂದಲು ಅವಳ ಮಡಿಲಿನಿಂದ ಇಳಿದು ಮಣ್ಣಿನ ಮೇಲೆ ಹರಡಿತು.

ತಮಟೆ ನಿಂತಿತು. ಚಪ್ಪಾಳೆ ಕೇಳಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದ ಮುನಿರಾಮಪ್ಪ ಕಿವಿಗೊಟ್ಟ. ಜನ ಒಪ್ಪಲಿಲ್ಲವೇನೋ, ಹೆಸರು ಹೋಯಿತೇನೋ ಎಂದುಕೊಂಡ. ಕರು ಬಗ್ಗಿ ಅವನ ಕೆನ್ನೆಯನ್ನು ಒರಟು ನಾಲಿಗೆಯಿಂದ ನೆಕ್ಕಿತು.

ಆಗ ಆಂಜಿನಮ್ಮನ ದನಿ ಕೇಳಿತು. ಆ ಮುದುಕಿ ಕೋಲು ಬಿಸಾಡಿ ಕಲ್ಲಿನ ಮುಂದೆ ಕುಸಿದು ಕೂತು, ಮನೆಯ ಮಗ ಸತ್ತರೆ ಅಳುವ ಹಾಗೆ ಅಳುತ್ತಿದ್ದಳು. “ಅಯ್ಯೋ ನಮ್ಮಪ್ಪಾ, ಇಂಥವನಾಗಿದ್ಯಾ ನೀನು! ಬರೀ ಮೈಯಾಗಿ ನಿಂತಿದ್ಯಾ! ನಮಗೆ ಗೊತ್ತಾಗಲಿಲ್ವಲ್ಲಪ್ಪಾ!” ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಇಷ್ಟು ತಲೆಮಾರಿನಲ್ಲಿ ಈರಪ್ಪನಿಗೆ ಯಾರಾದರೂ ಅತ್ತದ್ದು ಅದೇ ಮೊದಲು.

ಕಿಚ್ಚಿಗೆ ಬೆಂಕಿ ಬಿತ್ತು. ಬೆಳಕಿನಲ್ಲಿ ಮುನಿರಾಮಪ್ಪ ಕಣ್ಣು ತೆರೆದು ಹುಡುಕಿದ. ಜನರ ಹಿಂದೆ, ಬಳಪ ಕಿವಿಯ ಮೇಲಿಟ್ಟುಕೊಂಡು ಕದಿರಪ್ಪ ನಿಂತಿದ್ದ. ಅವನ ಕಣ್ಣು ಇನ್ನೂ ನೆರಿಗೆಯ ಮೇಲೇ ಇತ್ತು, ಓಡಿದ್ದಕ್ಕೆ ಎಲ್ಲಾದರೂ ಸಡಿಲವಾಯಿತೇನೋ ಎಂದು. ಸಡಿಲವಾಗಿರಲಿಲ್ಲ.